ಅರ್ಧ ಕಾಳು ಹೊರಬಂತು, ಉಳಿದರ್ಧ ಎಲ್ಲಿ?

ಪ್ರಶ್ನೆ: ಮುಧೋಳ ತಾಲ್ಲೂಕಿನಲ್ಲಿ ನಮ್ಮದು ತೋಟದ ಮನೆ. ತಾಲ್ಲೂಕು ಆಸ್ಪತ್ರೆ 16 ಕಿ.ಮೀ. ದೂರ. ಮಗನಿಗೆ ಎರಡು ವರ್ಷ, ಮಗಳಿಗೆ ಎಂಟು ತಿಂಗಳು. ನಾಲ್ಕು ದಿನದ ಹಿಂದೆ ಮಗ ಹುರಿದ ಶೇಂಗಾ ತಿನ್ನುತ್ತ ಓಡಾಡುವಾಗ ಗಂಟಲಿಗೆ ಸಿಕ್ಕು ಕಣ್ಣು ಮೇಲೆ ಮಾಡಿದ. ಅತ್ತೆ ಬಾಯಲ್ಲಿ ಬೆರಳು ಹಾಕಿ ತೆಗೆಯಲು ನೋಡಿದರು, ಮಾವ ಕಾಲು ಹಿಡಿದು ತಲೆಕೆಳಗು ಮಾಡಿ ಜಾಡಿಸಿದರು. ಅರ್ಧ ಕಾಳು ಬಿತ್ತು, ಅವನು ಅತ್ತ, ಸರಿಹೋದ. ಅಂದಿನಿಂದ ಕೆಮ್ಮು ಮಾತ್ರ ಇದೆ, ಜ್ವರ ಇಲ್ಲ. ಊರಿನ ಡಾಕ್ಟರು ಕೆಮ್ಮಿನ ಔಷಧ ಕೊಟ್ಟಿದ್ದಾರೆ. ಇಂಥ ಹೊತ್ತಿನಲ್ಲಿ ಮನೆಯವರು ಏನು ಮಾಡಬೇಕು? ತೋಟದ ಮನೆಯಲ್ಲಿ ಇಡಬೇಕಾದ ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಯಾವುದು?

ಉತ್ತರ: ಪೆಟ್ಟಿಗೆಯ ಮಾತು ಕಡೆಗಿರಲಿ. ಮೊದಲು ಮಗನನ್ನು ಇವತ್ತೇ ಮಕ್ಕಳ ತಜ್ಞರಿಗೆ ತೋರಿಸಿ. ಹೋದಾಗ ‘ಕೆಮ್ಮು ಬಂದಿದೆ’ ಎಂದಷ್ಟೇ ಹೇಳಬೇಡಿ. ‘ನಾಲ್ಕು ದಿನದ ಹಿಂದೆ ಶೇಂಗಾ ಸಿಕ್ಕಿಕೊಂಡಿತ್ತು, ಅರ್ಧ ಹೊರಬಂತು, ಅವತ್ತಿನಿಂದ ಕೆಮ್ಮು’ ಎಂದೇ ಹೇಳಿ. ಈ ಒಂದು ಮಾತಿನ ಮುಂದೆ ಎಕ್ಸ್‌ರೇಯೂ ಹಿಂದೆ ಬೀಳುತ್ತದೆ.

ಕಾರಣ ಇದು. ಉಳಿದ ಅರ್ಧ ಕಾಳನ್ನು ಅವನು ನುಂಗಿರಬಹುದು, ಹಾಗಿದ್ದರೆ ಚಿಂತೆಯಿಲ್ಲ. ಶ್ವಾಸನಾಳಕ್ಕೆ ಜಾರಿದ್ದರೆ ಅದು ಕವಲಿನಲ್ಲಿ, ಹೆಚ್ಚಾಗಿ ಬಲಗಡೆ, ಹೋಗಿ ಕೂರುತ್ತದೆ. ಬಲಗವಲು ಎಡದ್ದಕ್ಕಿಂತ ಅಗಲ ಮತ್ತು ನೇರ. ಅಲ್ಲಿ ಕೂತ ಕಾಳು ಒಂದೆರಡು ದಿನ ಹೆಚ್ಚು ಸದ್ದಿಲ್ಲದೆ ಇರಬಹುದು. ಆಮೇಲೆ ತೇವಕ್ಕೆ ಉಬ್ಬುತ್ತದೆ, ಅದರ ಎಣ್ಣೆ ಒಳಪದರವನ್ನು ಕೆರಳಿಸುತ್ತದೆ, ಊತ ಬರುತ್ತದೆ, ಮುಂದಿನ ಭಾಗದಲ್ಲಿ ಕಫ ಕಟ್ಟಿ ಕೀವಾಗುತ್ತದೆ. ಶೇಂಗಾ ಲೋಹವಲ್ಲವಾದ್ದರಿಂದ ಎಕ್ಸ್‌ರೇಯಲ್ಲಿ ಕಾಣುವುದಿಲ್ಲ. ಒಂದು ಕಡೆಯ ಪುಪ್ಪುಸದಲ್ಲಿ ಗಾಳಿ ತುಂಬಿ ನಿಂತಿರುವುದು ಕಾಣಬಹುದು, ಕಾಣದೆಯೂ ಇರಬಹುದು. ‘ಫೋಟೊ ಸರಿ ಇದೆ’ ಎಂದು ಮನೆಗೆ ಕಳಿಸಿದ ಮೇಲೆ ತಿಂಗಳುಗಟ್ಟಲೆ ದಮ್ಮು, ನ್ಯುಮೋನಿಯಾ ಎಂದು ಔಷಧ ನುಂಗುವ ಮಕ್ಕಳಲ್ಲಿ ಹಲವರ ಕಥೆ ಶುರುವಾಗುವುದು ಹೀಗೊಂದು ಮರೆತುಹೋದ ಕೆಮ್ಮಿನಿಂದಲೇ. ಅನುಮಾನ ಗಟ್ಟಿಯಾದರೆ ಅರಿವಳಿಕೆ ಕೊಟ್ಟು ದುರ್ಬೀನು ಇಳಿಸಿ ನೋಡಬೇಕು, ಅದೇ ದುರ್ಬೀನಿನಿಂದ ತೆಗೆಯಬೇಕು. ಇದಕ್ಕೆ ಬ್ರಾಂಕೋಸ್ಕೋಪಿ ಎನ್ನುತ್ತಾರೆ. ಬಾಗಲಕೋಟೆ, ವಿಜಯಪುರ, ಬೆಳಗಾವಿಯ ಮೆಡಿಕಲ್ ಕಾಲೇಜು ಆಸ್ಪತ್ರೆಗಳಿಗೆ ಹೊರಡುವ ಮೊದಲು ಫೋನ್ ಮಾಡಿ, ಚಿಕ್ಕ ಮಕ್ಕಳಿಗೆ ಮಾಡುವ ವ್ಯವಸ್ಥೆ ಇದೆಯೇ ಎಂದು ಕೇಳಿಕೊಳ್ಳಿ. ಹೊರಡುವ ಮುನ್ನ ಹೊಟ್ಟೆ ತುಂಬ ಉಣ್ಣಿಸಬೇಡಿ. ಗಟ್ಟಿ ಆಹಾರ ಬಿಟ್ಟು 6 ತಾಸು ಆಗದೆ ಸಾಮಾನ್ಯವಾಗಿ ಅರಿವಳಿಕೆ ಕೊಡುವುದಿಲ್ಲ. ದೃಷ್ಟಿ ತೆಗೆಯುವುದಿದ್ದರೆ ಬಂದ ಮೇಲೆ ತೆಗೆಯಿರಿ.

ಇನ್ನು ಅವತ್ತು ನಡೆದದ್ದು. ಕಾಣದ ವಸ್ತುವಿಗೆ ಬೆರಳು ಹಾಕಿದರೆ ಅದು ಇನ್ನೂ ಒಳಗೆ ಹೋಗುತ್ತದೆ. ಗಂಟಲ ಮೇಲೆ ಅಡ್ಡ ನಿಂತದ್ದು ಬೂಚು ಹಾಕಿದಂತೆ ಕೂತುಬಿಡುತ್ತದೆ. ಬಾಯಿ ತೆರೆದಾಗ ಎದುರಿಗೇ ಕಂಡರೆ ಮಾತ್ರ ಕಿರುಬೆರಳಿನಿಂದ ಕೊಕ್ಕೆ ಹಾಕಿ ತೆಗೆಯಬಹುದು. ಕಾಲು ಹಿಡಿದು ಜಾಡಿಸಿದಾಗ ಕಾಳು ಬಿದ್ದದ್ದು ಅದೃಷ್ಟ. ಕೈ ಜಾರಿದರೆ ತಲೆ ನೆಲಕ್ಕೆ, ಕುತ್ತಿಗೆಗೆ ಪೆಟ್ಟು. ಅತ್ತೆ ಮಾವ ಹೆದರಿ ಮಾಡಿದ್ದನ್ನು ಆಡಿ ತೋರಿಸುವುದರಿಂದ ಪ್ರಯೋಜನವಿಲ್ಲ. ಕೆಳಗಿನದನ್ನು ದಿಂಬಿನ ಮೇಲೋ ಗೊಂಬೆಯ ಮೇಲೋ ಅವರ ಕೈಯಲ್ಲೇ ನಾಲ್ಕು ಸಲ ಮಾಡಿಸಿ. ಹಗಲಲ್ಲಿ ಮಕ್ಕಳ ಜೊತೆ ಇರುವವರು ಅವರೇ ತಾನೆ.

ಮೊದಲು ಒಂದು ತೀರ್ಮಾನ ಮಾಡಬೇಕು. ಮಗು ಜೋರಾಗಿ ಕೆಮ್ಮುತ್ತಿದೆಯೇ, ಅಳುತ್ತಿದೆಯೇ? ಹಾಗಾದರೆ ಗಾಳಿ ಆಡುತ್ತಿದೆ. ಬೆನ್ನು ಬಡಿಯಬೇಡಿ, ನೀರು ಕುಡಿಸಬೇಡಿ, ಬಾಳೆಹಣ್ಣು ತುರುಕಬೇಡಿ. ಮುಂದೆ ಬಾಗಿಸಿ ಕೆಮ್ಮಲು ಬಿಡಿ. ಅದಕ್ಕಿಂತ ಬಲವಾದ ಉಪಾಯ ನಿಮ್ಮ ಕೈಯಲ್ಲಿಲ್ಲ. ಕೆಮ್ಮಿಗೆ ಸದ್ದಿಲ್ಲ, ಅಳು ಬರುತ್ತಿಲ್ಲ, ತುಟಿ ನೀಲಿಯಾಗುತ್ತಿದೆ ಎಂದರೆ ಆ ಕ್ಷಣದಿಂದ ನಿಮ್ಮ ಕೆಲಸ ಶುರು.

ಎಂಟು ತಿಂಗಳ ಮಗಳಾದರೆ: ಕುಳಿತು, ಅವಳನ್ನು ಬೋರಲಾಗಿ ನಿಮ್ಮ ಮುಂಗೈ ಮೇಲೆ ಮಲಗಿಸಿಕೊಳ್ಳಿ. ಗದ್ದ ನಿಮ್ಮ ಬೆರಳುಗಳ ಹಿಡಿತದಲ್ಲಿರಲಿ (ಗಂಟಲು ಅದುಮಬಾರದು), ತಲೆ ಎದೆಗಿಂತ ಕೆಳಗಿರಲಿ, ಮುಂಗೈಗೆ ನಿಮ್ಮ ತೊಡೆಯ ಆಸರೆ ಇರಲಿ. ಎರಡು ಹೆಗಲ ಹಲಗೆಗಳ ನಡುವೆ ಅಂಗೈಯ ಬುಡದಿಂದ 5 ಸಲ ಬಿಗಿಯಾಗಿ ಹೊಡೆಯಿರಿ. ತಟ್ಟುವುದಲ್ಲ, ಹೊಡೆಯುವುದು. ಬರದಿದ್ದರೆ ತಲೆ ಹಿಡಿದೇ ಅಂಗಾತ ತಿರುಗಿಸಿ, ಎದೆಯ ನಡುವೆಲುಬಿನ ಕೆಳ ಅರ್ಧದ ಮೇಲೆ 5 ಸಲ ಒತ್ತಿ. ಇದಕ್ಕೆ ಹಿಂದೆ ಎರಡು ಬೆರಳು ಬಳಸಲು ಕಲಿಸುತ್ತಿದ್ದರು. ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2025ರಲ್ಲಿ ಅದನ್ನು ಬದಲಿಸಿ ಒಂದು ಅಂಗೈಯ ಬುಡ ಎಂದಿದೆ. ಬೆರಳುಗಳಿಂದ ಸಾಕಷ್ಟು ಆಳ ಸಿಗುವುದಿಲ್ಲ. ಐದು ಹೊಡೆತ, ಐದು ಒತ್ತು, ವಸ್ತು ಹೊರಬರುವವರೆಗೆ. ಒಂದು ವರ್ಷದೊಳಗಿನ ಕೂಸಿನ ಹೊಟ್ಟೆಯನ್ನು ಯಾವ ಕಾರಣಕ್ಕೂ ಒತ್ತಬೇಡಿ. ಯಕೃತ್ತು ಪಕ್ಕೆಲುಬಿನ ಮರೆಯಿಂದ ಹೊರಗೇ ಇರುತ್ತದೆ, ಹರಿಯುತ್ತದೆ.

ಎರಡು ವರ್ಷದ ಮಗನಿಗೂ ಮೊದಲು ಮುಂದೆ ಬಾಗಿಸಿ ಬೆನ್ನಿಗೆ 5 ಹೊಡೆತ. ಆಮೇಲೆ ಅವನ ಹಿಂದೆ ಮೊಣಕಾಲೂರಿ, ಹೊಕ್ಕಳಿಗೂ ಎದೆಗೂಡಿನ ತುದಿಗೂ ನಡುವೆ ಮುಷ್ಟಿ ಇಟ್ಟು, ಇನ್ನೊಂದು ಕೈಯಿಂದ ಅದನ್ನು ಹಿಡಿದು, ಒಳಕ್ಕೂ ಮೇಲಕ್ಕೂ 5 ಸಲ ಜಗ್ಗಿ. ಹೊಟ್ಟೆ ಒತ್ತಿದ ಮಗುವನ್ನು ವಸ್ತು ಹೊರಬಂದರೂ ವೈದ್ಯರಿಗೆ ತೋರಿಸಬೇಕು.

ಮಗು ಸೋತು ಪ್ರಜ್ಞೆ ತಪ್ಪಿದರೆ ಗಟ್ಟಿ ನೆಲದ ಮೇಲೆ ಮಲಗಿಸಿ. ಹಾಸಿಗೆ ಬೇಡ, ಒತ್ತಿದ್ದು ಹತ್ತಿಗೆ ಹೋಗುತ್ತದೆ. ಫೋನನ್ನು ಸ್ಪೀಕರಿನಲ್ಲಿಟ್ಟು 108ಕ್ಕೆ ಕರೆ ಮಾಡಿ. ಎದೆ ನಡುವೆ 30 ಸಲ ಒತ್ತಿ, ಸೆಕೆಂಡಿಗೆ ಸುಮಾರು ಎರಡರ ವೇಗದಲ್ಲಿ. ಕೂಸಿಗೆ 4 ಸೆಂ.ಮೀ., ದೊಡ್ಡ ಮಗುವಿಗೆ 5 ಸೆಂ.ಮೀ. ಆಳ. ಬಾಯಿ ತೆರೆದು ನೋಡಿ, ಕಂಡರೆ ತೆಗೆಯಿರಿ. ಎರಡು ಉಸಿರು ಊದಿ: ಕೂಸಿಗೆ ಬಾಯಿ ಮೂಗು ಎರಡನ್ನೂ ನಿಮ್ಮ ಬಾಯಿಯಿಂದ ಮುಚ್ಚಿ, ದೊಡ್ಡವನಿಗೆ ಮೂಗು ಹಿಡಿದು. ಎದೆ ಏಳುವಷ್ಟು ಊದಿದರೆ ಸಾಕು. ಮತ್ತೆ 30. ಆಂಬುಲೆನ್ಸ್ ಬರುವವರೆಗೆ ಅಥವಾ ಮಗು ಉಸಿರಾಡುವವರೆಗೆ ಬಿಡಬೇಡಿ. ಪಕ್ಕೆಲುಬು ಮುರಿದೀತೆಂಬ ಭಯ ಬೇಡ.

ಶೇಂಗಾ ಇಲ್ಲದ ಮನೆ ನಮ್ಮ ಕಡೆ ಇಲ್ಲ. ಬಿಡಬೇಕಾಗಿಯೂ ಇಲ್ಲ: ಹಿಂಡಿ, ಹೋಳಿಗೆಯ ಹೂರಣ, ನುಣ್ಣಗೆ ಕುಟ್ಟಿದ ಪುಡಿ ಕೊಡಿ. ಇಡೀ ಕಾಳು, ಅರ್ಧ ಬೇಳೆ ಎರಡನ್ನೂ 4 ವರ್ಷ ತುಂಬುವವರೆಗೆ ದೂರವಿಡಿ. ಬಾಚಿಹಲ್ಲು ಕಡಿಯುತ್ತದೆ, ಅರೆಯುವ ದವಡೆ ಹಲ್ಲು ಇನ್ನೂ ಪೂರ್ತಿ ಬಂದಿರುವುದಿಲ್ಲ. ತೊಂದರೆ ಇರುವುದೇ ಅಲ್ಲಿ. ಪುಟಾಣಿ, ಬಾರಿಹಣ್ಣಿನ ಬೀಜ, ಹುಣಸೆಬೀಜ, ಸೀತಾಫಲದ ಬೀಜ, ಕಬ್ಬಿನ ತುಂಡಿಗೂ ಇದೇ ಮಾತು. ವಿಜಯಪುರದ ದ್ರಾಕ್ಷಿಯನ್ನು ಉದ್ದಕ್ಕೆ ನಾಲ್ಕು ಸೀಳಾಗಿ ಕತ್ತರಿಸಿ ಕೊಡಿ. ಅಡ್ಡಡ್ಡ ಕತ್ತರಿಸಿದರೆ ಗಂಟಲಿನಷ್ಟೇ ಗುಂಡಗೆ ಉಳಿಯುತ್ತದೆ. ಮತ್ತೆ, ತಿನ್ನುವಾಗ ಕೂತು ತಿನ್ನಬೇಕು. ಬಾಯಲ್ಲಿ ಇಟ್ಟುಕೊಂಡು ಓಡುವ, ನಗುವ, ಕಚಗುಳಿಗೆ ಸಿಕ್ಕುವ ಮಗುವೇ ಆಸ್ಪತ್ರೆಗೆ ಬರುವುದು.

ನುಂಗಿದ ನಾಣ್ಯ ಹೊಟ್ಟೆಗಿಳಿದರೆ ಹೆಚ್ಚಾಗಿ ತಾನೇ ಹೊರಹೋಗುತ್ತದೆ. ಜೊಲ್ಲು ಸುರಿಸಿದರೆ, ನುಂಗಲು ಒಲ್ಲೆನೆಂದರೆ ಅನ್ನನಾಳದಲ್ಲಿ ನಿಂತಿದೆ ಎಂದು ತಿಳಿಯಿರಿ. ಆದರೆ ರಿಮೋಟು, ಆಟಿಕೆ, ತೂಕದ ಯಂತ್ರಗಳ ಗುಂಡನೆಯ ಬಟನ್ ಸೆಲ್ ನಾಣ್ಯದಂತಲ್ಲ. ಅನ್ನನಾಳದ ತೇವದಲ್ಲಿ ವಿದ್ಯುತ್ ಹರಿದು ಅಲ್ಲಿ ಕ್ಷಾರ ಹುಟ್ಟುತ್ತದೆ, 2 ತಾಸಿನಲ್ಲಿ ನಾಳ ಸುಡುತ್ತದೆ. ಒಂದು ವರ್ಷ ದಾಟಿದ, ನುಂಗಬಲ್ಲ ಮಗುವಿಗೆ ದಾರಿಯಲ್ಲಿ 10 ನಿಮಿಷಕ್ಕೊಮ್ಮೆ ಎರಡು ಚಹಾ ಚಮಚ ಜೇನುತುಪ್ಪ ಕೊಡುತ್ತ ಹೋಗಿ, ಸುಡುವುದು ನಿಧಾನವಾಗುತ್ತದೆ. ಜೇನು ಹುಡುಕಲು ಅಂಗಡಿಗೆ ಹೋಗಿ ಹೊತ್ತು ಕಳೆಯಬೇಡಿ. ವರ್ಷ ತುಂಬದ ಮಗಳಿಗೆ ಜೇನು ಬೇಡವೇ ಬೇಡ.

ಸುಟ್ಟ ಗಾಯಕ್ಕೆ ಔಷಧ ನಿಮ್ಮ ಬೋರಿನ ನೀರು. ಸಾದಾ ತಣ್ಣೀರನ್ನು ಸುಟ್ಟ ಜಾಗದ ಮೇಲೆ 20 ನಿಮಿಷ ಹರಿಸಬೇಕು. ಕರೆಂಟ್ ಇಲ್ಲವೆಂದರೆ ಬಕೆಟಿನಿಂದ ತಂಬಿಗೆಯಲ್ಲಿ ಸುರಿಯುತ್ತಲೇ ಇರಿ. ಇಪ್ಪತ್ತು ನಿಮಿಷ ಬಹಳ ಉದ್ದ. ಗಡಿಯಾರ ನೋಡದಿದ್ದರೆ ಮೂರು ನಿಮಿಷಕ್ಕೇ ಕೈ ನಿಲ್ಲುತ್ತದೆ. ಬಿಸಿ ಚರ್ಮದ ಆಳದಲ್ಲಿ ಕೂತು ಇನ್ನೂ ಸುಡುತ್ತಿರುತ್ತದೆ, ಅದನ್ನು ಹೊರಗೆಳೆಯುವುದು ಹರಿಯುವ ನೀರೊಂದೇ. ಸುಟ್ಟು 3 ತಾಸಿನವರೆಗೂ ಇದರಿಂದ ಲಾಭವಿದೆ, ಆದ್ದರಿಂದ ತಡವಾಯಿತೆಂದು ಬಿಡಬೇಡಿ. ಮಂಜುಗಡ್ಡೆ ಬೇಡ, ರಕ್ತನಾಳ ಮುದುಡಿ ಗಾಯ ಆಳವಾಗುತ್ತದೆ. ಟೂತ್‌ಪೇಸ್ಟ್, ಸುಣ್ಣ, ಅರಿಷಿಣ, ಶಾಯಿ, ಕೊಬ್ಬರಿ ಎಣ್ಣೆ ಹಚ್ಚಿದರೆ ಆಸ್ಪತ್ರೆಯಲ್ಲಿ ಅದನ್ನೆಲ್ಲ ಕೆರೆದು ತೆಗೆಯುವ ನೋವು ಮಗುವಿನದು. ನೀರು ಹಾಕುತ್ತಲೇ ಬಟ್ಟೆ, ಬಿಂದಲಿ, ಕಾಲಗಡಗ, ಉಡದಾರ ತೆಗೆಯಿರಿ. ಊತ ಬಂದ ಮೇಲೆ ಅವು ಬರುವುದಿಲ್ಲ. ಚರ್ಮಕ್ಕೆ ಅಂಟಿದ ಬಟ್ಟೆ ಜಗ್ಗಬೇಡಿ. ಉಳಿದ ಮೈಗೆ ಕಂಬಳಿ ಹೊದಿಸಿ, ಕೂಸುಗಳು ಬೇಗ ತಣ್ಣಗಾಗುತ್ತವೆ. ಗುಳ್ಳೆ ಒಡೆಯಬೇಡಿ. ಒಗೆದ ಹತ್ತಿ ಸೀರೆಯ ತುಂಡು ಸಡಿಲವಾಗಿ ಮುಚ್ಚಿ ಹೊರಡಿ. ಮಗುವಿನದೇ ಅಂಗೈ ಬೆರಳುಗಳ ಸಹಿತ ಅದರ ಮೈಯ ಸುಮಾರು ಶೇ 1 ಆಗುತ್ತದೆ. ಹಾಗೆ ಎಣಿಸಿ ಹತ್ತು ಅಂಗೈ ದಾಟಿದರೆ ದೊಡ್ಡ ಆಸ್ಪತ್ರೆಯೇ ಬೇಕು. ಮುಖ, ಕೈ, ಸಂದು, ಗುಪ್ತಾಂಗ ಸುಟ್ಟರೆ ಅಳತೆ ನೋಡದೆ ಹೋಗಿ.

ನಿಮ್ಮ ಭಾಗದಲ್ಲಿ ಗಾಣದ ಹಂಗಾಮಿಗೆ ಇನ್ನೊಂದು ಮಾತು. ಮುಧೋಳ, ಮಹಾಲಿಂಗಪುರದ ಸುತ್ತಿನ ಗಾಣಗಳಲ್ಲಿ ಅಚ್ಚಿಗೆ ಹೊಯ್ಯುವ ಬೆಲ್ಲದ ಪಾಕ ಕುದಿಯುವ ನೀರಿಗಿಂತ ಬಿಸಿ, 115 ಡಿಗ್ರಿ ದಾಟಿರುತ್ತದೆ, ಮೇಲಾಗಿ ಅಂಟುತ್ತದೆ. ಕಿತ್ತರೆ ಚರ್ಮವೂ ಬರುತ್ತದೆ. ನೀರು ಸುರಿಯಿರಿ, ಕರಗಿ ಹೋಗುತ್ತದೆ. ಮನೆಯೊಳಗೆ ಮಕ್ಕಳು ಸುಡುವುದು ಹೆಚ್ಚಾಗಿ ಚಹಾ ಮತ್ತು ಸ್ನಾನದ ನೀರಿನಿಂದ. ಬಕೆಟಿಗೆ ಮೊದಲು ತಣ್ಣೀರು, ಆಮೇಲೆ ಹಂಡೆಯ ನೀರು. ಈ ಕ್ರಮ ತಪ್ಪಿದ ಎರಡು ನಿಮಿಷದಲ್ಲೇ ಮಗು ಬಕೆಟಿಗೆ ಕೈ ಹಾಕುವುದು. ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಚಹಾ ಕುಡಿಯಬೇಡಿ.

ನಮ್ಮ ಕಡೆ ಕೀಟನಾಶಕಕ್ಕೆ ‘ಎಣ್ಣೆ’ ಎನ್ನುತ್ತಾರೆ: ಎಣ್ಣೆ ಹೊಡೆದು ಬಂದೆ, ಎಣ್ಣೆ ತಂದಿಟ್ಟೆ. ಎರಡು ವರ್ಷದ ಮಗುವಿಗೆ ಎಣ್ಣೆ ಎಂದರೆ ಅಡುಗೆಮನೆಯದು, ತಲೆಗೆ ಹಚ್ಚುವುದು. ಮಕ್ಕಳ ಮುಂದೆ ಅದನ್ನು ‘ವಿಷ’ ಎಂದೇ ಕರೆಯಿರಿ. ಉಳಿದದ್ದನ್ನು ತಂಪು ಪಾನೀಯದ ಬಾಟಲಿಗೆ ಸುರಿದಿಡುವ ರೂಢಿಯಂತೂ ಇವತ್ತೇ ನಿಲ್ಲಬೇಕು. ಡಬ್ಬಿಯ ಮೇಲಿನ ವಜ್ರಾಕಾರದ ಗುರುತು ನೋಡಿ: ಕೆಂಪು ಅತಿ ಘೋರ, ಹಳದಿ ಅದಕ್ಕಿಂತ ಕಡಿಮೆ, ಆಮೇಲೆ ನೀಲಿ, ಹಸಿರು. ಹಸಿರು ಕೂಡ ಕುಡಿಯುವಂಥದಲ್ಲ. ಮಗು ಕುಡಿದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ. ಉಪ್ಪೇ ಮಕ್ಕಳಿಗೆ ಫಿಟ್ಸ್ ತರಬಲ್ಲದು. ಸೀಮೆಎಣ್ಣೆಯಾಗಿದ್ದರೆ ವಾಂತಿಯಲ್ಲಿ ಪುಪ್ಪುಸಕ್ಕೆ ಹೋಗುತ್ತದೆ. ಬಟ್ಟೆ ಬಿಚ್ಚಿ, ಮೈಯನ್ನು ಸಾಬೂನು ಹಚ್ಚಿ ತೊಳೆಯಿರಿ, ಏಕೆಂದರೆ ಚರ್ಮದಿಂದಲೂ ವಿಷ ಇಳಿಯುತ್ತದೆ. ತೊಳೆಯುವವರು ಕೈಗೆ ಪ್ಲಾಸ್ಟಿಕ್ ಚೀಲ ಹಾಕಿಕೊಳ್ಳಲಿ. ಜೊಲ್ಲು, ಬೆವರು, ಕಣ್ಣಿನ ಪಾಪೆ ಸಾಸಿವೆಯಷ್ಟಾಗುವುದು, ಸ್ನಾಯು ಕುಣಿಯುವುದು ಕಂಡರೆ ವೈದ್ಯರಿಗೆ ಹೇಳಿ, ಅದಕ್ಕೆ ಮದ್ದಿದೆ. ಡಬ್ಬಿ ಜೊತೆಗೇ ಒಯ್ಯಿರಿ. ದೆಹಲಿಯ ಏಮ್ಸ್‌ನ ವಿಷ ಮಾಹಿತಿ ಕೇಂದ್ರದ ಉಚಿತ ಸಂಖ್ಯೆ 1800 116 117, ಹಗಲು ರಾತ್ರಿ ಇರುತ್ತದೆ. ಜೋಳಕ್ಕೆ ಹುಳ ಬೀಳದಂತೆ ಇಡುವ ಗುಳಿಗೆ ಇವೆಲ್ಲಕ್ಕಿಂತ ಕೆಟ್ಟದ್ದು. ಅದು ಗಾಳಿಯ ತೇವಕ್ಕೆ ವಿಷಾನಿಲ ಬಿಡುತ್ತದೆ, ಅದಕ್ಕೆ ಮದ್ದಿಲ್ಲ. ಗುಳಿಗೆ ಹಾಕಿದ ಚೀಲಗಳಿರುವ ಕೋಣೆಯಲ್ಲಿ, ಅದರ ಪಕ್ಕದ ಕೋಣೆಯಲ್ಲೂ ಯಾರೂ ಮಲಗಬಾರದು. ದೇವರ ಜಗಲಿಯ ಕರ್ಪೂರವನ್ನೂ ಮೇಲಿಡಿ. ಸಕ್ಕರೆ ಎಂದು ಬಾಯಿಗೆ ಹಾಕಿಕೊಂಡ ಮಗುವಿಗೆ ತಾಸಿನೊಳಗೆ ಫಿಟ್ಸ್ ಬರಬಹುದು.

ಚೇಳು ಕಡಿದರೆ ದೊಡ್ಡವರಿಗೆ ಉರಿ, ಚಿಕ್ಕವರಿಗೆ ಹೃದಯದ ಕಾಯಿಲೆ. ಕೆಂಪು ಚೇಳಿನ ವಿಷ ಹೃದಯವನ್ನು ಹಿಡಿಯುತ್ತದೆ. ನೋವು ಕಡಿಮೆಯಾಯಿತೆಂದು ಮನೆಯಲ್ಲೇ ಉಳಿಯಬೇಡಿ: ಮೈ ತಣ್ಣಗಾಗಿ ಬೆವರುವುದು, ವಾಂತಿ, ಗಂಡುಮಗುವಿನ ಶಿಶ್ನ ಸೆಟೆದು ನಿಲ್ಲುವುದು ಅಪಾಯದ ಗುರುತು. ಮಹಾರಾಷ್ಟ್ರದ ಮಹಾಡದ ಡಾ. ಹಿಮ್ಮತರಾವ್ ಬಾವಸ್ಕರ್ ಇದಕ್ಕೆ ಪ್ರಾಝೊಸಿನ್ ಎಂಬ ಅಗ್ಗದ ಮಾತ್ರೆಯ ಚಿಕಿತ್ಸೆಯನ್ನು ರೂಢಿಗೆ ತಂದರು. ಅದನ್ನು ಆಸ್ಪತ್ರೆಯಲ್ಲಿ ರಕ್ತದೊತ್ತಡ ನೋಡಿಯೇ ಕೊಡಬೇಕು. ಹಾವು ಕಡಿದರೆ ಹಗ್ಗ ಬಿಗಿಯುವುದು, ಕೊಯ್ಯುವುದು, ಹೀರುವುದು ಯಾವುದೂ ಬೇಡ. ಕಡಿದ ಕೈಕಾಲನ್ನು ಮುರಿದ ಎಲುಬಿನಂತೆ ದಬ್ಬೆ ಕಟ್ಟಿ ಅಲುಗಾಡದಂತೆ ಮಾಡಿ, ಮಗುವನ್ನು ನಡೆಸದೆ ಎತ್ತಿಕೊಂಡು ಹೋಗಿ. ಮಕ್ಕಳಿಗೂ ದೊಡ್ಡವರಷ್ಟೇ ಪ್ರತಿವಿಷ ಬೇಕು, ಹಾವು ಬಿಟ್ಟ ವಿಷ ಅಷ್ಟೇ ಇರುತ್ತದಲ್ಲ. ‘ಸಣ್ಣ ಮಗು, ಅರ್ಧ ಸಾಕು’ ಎಂಬ ಮಾತು ಕೇಳಬೇಡಿ. ನೆಲದ ಮೇಲೆ ಮಲಗಿದ ಮಗು ನಸುಕಿನಲ್ಲಿ ಹೊಟ್ಟೆನೋವೆಂದು ಎದ್ದು ರೆಪ್ಪೆ ಜೋತಾಡಿಸಿದರೆ, ಕಡಿದ ಗುರುತು ಕಾಣದಿದ್ದರೂ ಕಟ್ಟುಹಾವು ಎಂದೇ ತಿಳಿದು ಓಡಿ. ಸೊಳ್ಳೆಪರದೆಯ ಅಂಚನ್ನು ಹಾಸಿಗೆಯ ಕೆಳಗೆ ಮಡಿಸಿ ಮಲಗಿದರೆ ಇದು ಬಹುಮಟ್ಟಿಗೆ ತಪ್ಪುತ್ತದೆ.

ಕೃಷಿಹೊಂಡ ಇದ್ದರೆ ಸುತ್ತ ತಂತಿಬೇಲಿ ಹಾಕಿ. ಪ್ಲಾಸ್ಟಿಕ್ ಹಾಸಿನ ಮೇಲೆ ಪಾಚಿ ಕಟ್ಟಿದರೆ ಈಜು ಬರುವ ದೊಡ್ಡವರೂ ಹತ್ತಲಾರರು. ನಾಲ್ಕೂ ಬದಿಗೆ ಗಂಟು ಹಾಕಿದ ಹಗ್ಗವನ್ನು ಗೂಟಕ್ಕೆ ಕಟ್ಟಿ ನೀರಿಗಿಳಿಸಿ, ಗಾಳಿ ತುಂಬಿದ ಟ್ರ್ಯಾಕ್ಟರ್ ಟ್ಯೂಬ್ ಒಂದು ದಂಡೆಯ ಮೇಲಿರಲಿ. ನಿಮ್ಮ ಮಗಳಿಗಾದರೆ ಹೊಂಡವೇ ಬೇಕಿಲ್ಲ. ದನದ ದೋಣಿ, ಅರ್ಧ ತುಂಬಿದ ಬಕೆಟ್ ಸಾಕು. ನೀರು ಕುಡಿದ ಮಗುವನ್ನು ತಲೆ ಮೇಲೆ ಹೊತ್ತು ತಿರುಗಿಸುವುದು, ಹೊಟ್ಟೆ ಒತ್ತುವುದು, ವಾಟ್ಸ್‌ಆ್ಯಪ್ ನಂಬಿ ಉಪ್ಪಿನ ರಾಶಿಯಲ್ಲಿ ಹೂಳುವುದು ಇವೆಲ್ಲ ಉಸಿರು ಕೊಡಬೇಕಾದ ನಿಮಿಷಗಳನ್ನು ನುಂಗುತ್ತವೆ. ಉಸಿರಿಲ್ಲದಿದ್ದರೆ ಮೊದಲು ಉಸಿರು ಊದಿ, ಆಮೇಲೆ ಎದೆ ಒತ್ತಿ. ನೀರು ಬರದ ಬೋರು ತೋಟದಲ್ಲಿದ್ದರೆ ಕಲ್ಲು ಮುಚ್ಚಿ ಬಿಟ್ಟದ್ದು ಸಾಲದು, ಮಣ್ಣು ತುಂಬಿಸಿ ಮುಚ್ಚಿ ಅಥವಾ ಕೇಸಿಂಗಿಗೆ ಉಕ್ಕಿನ ಮುಚ್ಚಳ ಬೆಸುಗೆ ಹಾಕಿಸಿ. 2024ರ ಏಪ್ರಿಲ್‌ನಲ್ಲಿ ಇಂಡಿ ತಾಲ್ಲೂಕಿನ ಲಚ್ಯಾಣದಲ್ಲಿ ಬಿದ್ದ ಮಗುವನ್ನು ಸುಮಾರು 20 ತಾಸಿನ ಮೇಲೆ ಜೀವಂತ ತೆಗೆದರು. 2017ರಲ್ಲಿ ಅಥಣಿ ತಾಲ್ಲೂಕಿನ ಝುಂಜರವಾಡದಲ್ಲಿ ಬಿದ್ದ ಆರು ವರ್ಷದ ಹುಡುಗಿ ಬದುಕಲಿಲ್ಲ.

ಜ್ವರಕ್ಕೆ ಫಿಟ್ಸ್ ಬಂದರೆ ಮಗ್ಗುಲಾಗಿ ಮಲಗಿಸಿ ಗಡಿಯಾರ ನೋಡಿ. ಈರುಳ್ಳಿ, ಕಬ್ಬಿಣ, ಹಲ್ಲಿನ ನಡುವೆ ಚಮಚ ಬೇಡ. ಐದು ನಿಮಿಷ ದಾಟಿದರೆ 108.

ಈಗ ನಿಮ್ಮ ಪೆಟ್ಟಿಗೆ. ಔಷಧದಂಗಡಿಯ ಸಿದ್ಧ ಪೆಟ್ಟಿಗೆಗಳಲ್ಲಿ ಅರ್ಧಕ್ಕರ್ಧ ಕೆಲಸಕ್ಕೆ ಬಾರದ್ದು. ಒಂದು ಸ್ಟೀಲ್ ಡಬ್ಬಿಯಲ್ಲಿ ಒಗೆದು ಬಿಸಿಲಿಗೆ ಒಣಗಿಸಿದ ಹತ್ತಿಬಟ್ಟೆ, ಅಗಲದ ಬ್ಯಾಂಡೇಜು ಎರಡು, ಮೊಂಡುತುದಿಯ ಕತ್ತರಿ, ಡಿಜಿಟಲ್ ಥರ್ಮಾಮೀಟರ್, ನಾಲ್ಕು ಪೊಟ್ಟಣ ಒಆರ್‌ಎಸ್, ಒಂದು ಪ್ಯಾರಾಸಿಟಮಾಲ್, ಅಳೆಯಲು ಸೂಜಿಯಿಲ್ಲದ ಸಿರಿಂಜು. ದೊಡ್ಡ ಒಆರ್‌ಎಸ್ ಪೊಟ್ಟಣವನ್ನು ಇಡಿಯಾಗಿ 1 ಲೀಟರ್ ನೀರಿಗೇ ಹಾಕಬೇಕು, ಲೋಟಕ್ಕೆ ಚೂರು ಎಂದು ಮಾಡಬೇಡಿ. ಪ್ಯಾರಾಸಿಟಮಾಲ್ ಲೆಕ್ಕದಲ್ಲಿ ಎಡವುವವರು ಬಹಳ. ಕಿಲೋ ತೂಕಕ್ಕೆ 15 ಮಿ.ಗ್ರಾಂ., ಎರಡು ಡೋಸಿನ ನಡುವೆ ಕನಿಷ್ಠ 6 ತಾಸು. ನಿಮ್ಮ ಮಗ 10 ಕಿಲೋ ಇದ್ದರೆ 150 ಮಿ.ಗ್ರಾಂ.; ಬಾಟಲಿಯ ಮೇಲೆ 5 ಮಿ.ಲೀ.ಗೆ 125 ಎಂದಿದ್ದರೆ ಅದು 6 ಮಿ.ಲೀ., 250 ಎಂದಿದ್ದರೆ 3 ಮಿ.ಲೀ., ಒಂದು ಮಿ.ಲೀ.ಗೆ 100 ಇರುವ ಹನಿ ಔಷಧವಾದರೆ ಒಂದೂವರೆ ಮಿ.ಲೀ. ಮಾತ್ರ. 125ರ ಸಿರಪ್ಪಿನ ಲೆಕ್ಕದಲ್ಲಿ ಹನಿ ಔಷಧ ಕೊಟ್ಟರೆ ನಾಲ್ಕು ಪಟ್ಟಾಗುತ್ತದೆ. ಆದ್ದರಿಂದ ಮನೆಯಲ್ಲಿ ಒಂದೇ ಬಗೆಯ ಬಾಟಲಿ ಇರಲಿ.

ಡಬ್ಬಿಯ ಮುಚ್ಚಳದ ಒಳಗೆ ಒಂದು ಚೀಟಿ ಅಂಟಿಸಿ. ತೋಟದ ಮನೆಗೆ ಓಣಿಯಿಲ್ಲ, ಮನೆ ನಂಬರಿಲ್ಲ. 108ರವರು ‘ಎಲ್ಲಿಗೆ ಬರಬೇಕು’ ಎಂದಾಗ ಹೆದರಿದ ಬಾಯಿಂದ ಏನೂ ಹೊರಡುವುದಿಲ್ಲ. ಊರಿನ ಹೆಸರು, ಯಾವ ರಸ್ತೆಯಲ್ಲಿ ಎಷ್ಟನೇ ಕಿಲೋಮೀಟರು, ಯಾವ ಗುಡಿ ಅಥವಾ ಕಾಲುವೆಯ ಸೇತುವೆ ದಾಟಿ ಎಡಕ್ಕೋ ಬಲಕ್ಕೋ, ಮಳೆಗಾಲದಲ್ಲಿ ಗಾಡಿ ಎಲ್ಲಿಯವರೆಗೆ ಬರುತ್ತದೆ ಎಂಬುದನ್ನು ಓದಿ ಹೇಳುವಂತೆ ಬರೆಯಿರಿ. ಕೆಳಗೆ ಮಕ್ಕಳ ತೂಕ ಬರೆದು ತಿಂಗಳಿಗೊಮ್ಮೆ ತಿದ್ದಿ. ರಾತ್ರಿ ಗಾಡಿ ಕೊಡುವ ಪಕ್ಕದ ತೋಟದವರ ನಂಬರು ಅದರ ಕೆಳಗೆ. ಮನೆಯವರೆಲ್ಲ ಮಗುವನ್ನು ಸುತ್ತಿಕೊಂಡು ನಿಲ್ಲದೆ, ಒಬ್ಬರು ಬ್ಯಾಟರಿ ಹಿಡಿದು ಡಾಂಬರು ರಸ್ತೆಗೆ ಹೋಗಿ ನಿಲ್ಲಬೇಕು. ಅದು ಯಾರ ಕೆಲಸ ಎಂದು ಮಾವನವರೊಂದಿಗೆ ಈಗಲೇ ಮಾತಾಡಿಕೊಳ್ಳಿ.